ಆದಾನ-ನಿಕ್ಷೇಪಣ: ಒಬ್ಬ ಶಸ್ತ್ರವೈದ್ಯನ ಆತ್ಮಾವಲೋಕನ

ನಮ್ಮ ಊರಿನ ಬಸದಿಯಲ್ಲಿ ಪೂಜ್ಯ ಮುನಿಮಹಾರಾಜರು ಚಾತುರ್ಮಾಸ ಕೈಗೊಂಡಾಗಲೆಲ್ಲ, ಬಾಲಕನಾಗಿದ್ದ ನಾನು ಅವರ ಪ್ರವಚನವನ್ನು ಕೇಳುವುದಕ್ಕಿಂತ ಹೆಚ್ಚಾಗಿ ಅವರ ಕೈಗಳನ್ನೇ ನೋಡುತ್ತ ಕುಳಿತಿರುತ್ತಿದ್ದೆ. ಕಮಂಡಲುವನ್ನು ಎತ್ತಿಕೊಳ್ಳುವ ಮೊದಲು ಅವರು ಅದನ್ನು ದಿಟ್ಟಿಸಿ ನೋಡುತ್ತಿದ್ದರು. ಪಿಂಛಿಯಿಂದ ಮೃದುವಾಗಿ ಸವರುತ್ತಿದ್ದರು. ಆ ಬಳಿಕವೇ ಎತ್ತುತ್ತಿದ್ದರು. ಇಡುವಾಗಲೂ ಹಾಗೆಯೇ. ನೆಲವನ್ನು ನೋಡಿ, ಸವರಿ, ಇಟ್ಟು, ಅದು ನೆಲೆಯಾಗಿ ನಿಂತಿತೆಂದು ಖಚಿತವಾದ ಮೇಲೆ ಕೈ ಬಿಡುತ್ತಿದ್ದರು. ಇದು ಪಂಚ ಸಮಿತಿಗಳಲ್ಲಿ ನಾಲ್ಕನೆಯದಾದ ಆದಾನ-ನಿಕ್ಷೇಪಣ ಸಮಿತಿ ಎಂದು ಪಾಠಶಾಲೆಯಲ್ಲಿ ಕಂಠಪಾಠ ಮಾಡಿದ್ದೆ. ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಪಡೆದಿದ್ದೆ. ಅದರ ಅರ್ಥ ನನಗೆ ತಿಳಿದದ್ದು ಬಹಳ ತಡವಾಗಿ, ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲಿ, ನನ್ನ ಕೈಯಿಂದ ಒಬ್ಬ ತಾಯಿಗೆ ಕೇಡಾದ ಮೇಲೆ.

ಆ ಕೇಡಿನ ಕುರಿತೂ, ಶಸ್ತ್ರಚಿಕಿತ್ಸೆಯ ಉಪಕರಣಗಳ ಚಲನೆಯನ್ನು ನೋಡಿ ಗುರುತಿಸುವ ಗಣಕಯಂತ್ರಗಳ ಕುರಿತೂ ಇಲ್ಲಿ ಬರೆಯುತ್ತಿದ್ದೇನೆ. ಇವೆರಡೂ ನನ್ನ ಬಾಳಿನಲ್ಲಿ ಒಂದಕ್ಕೊಂದು ಹೆಣೆದುಕೊಂಡಿವೆ.

ಹಿಂದೆ ಪಿತ್ತಕೋಶದ ಕಲ್ಲಿಗೆ ಶಸ್ತ್ರಚಿಕಿತ್ಸೆಯೆಂದರೆ ಪಕ್ಕೆಲುಬಿನ ಕೆಳಗೆ ಗೇಣುದ್ದದ ಗಾಯವಾಗುತ್ತಿತ್ತು. 1985ರ ಸೆಪ್ಟೆಂಬರ್ 12ರಂದು ಜರ್ಮನಿಯ ಬೊಬ್ಲಿಂಗೆನ್ ಎಂಬ ಊರಿನಲ್ಲಿ ಡಾ. ಎರಿಕ್ ಮ್ಯೂಹೆ ಎಂಬವರು ಉದರದರ್ಶಕದ ನೆರವಿನಿಂದ ಸಣ್ಣ ರಂಧ್ರಗಳ ಮೂಲಕವೇ ಪಿತ್ತಕೋಶವನ್ನು ತೆಗೆದರು. 1987ರಲ್ಲಿ ಫ್ರಾನ್ಸಿನ ಲಿಯಾನ್ ನಗರದಲ್ಲಿ ಡಾ. ಫಿಲಿಪ್ ಮೂರೆ ಇದೇ ದಾರಿಯಲ್ಲಿ ನಡೆದರು. ನಮ್ಮ ದೇಶದಲ್ಲಿ 1990ರಲ್ಲಿ ಮುಂಬಯಿಯ ಜೆ. ಜೆ. ಆಸ್ಪತ್ರೆಯಲ್ಲಿ ಡಾ. ತೆಹೆಮ್ಟನ್ ಉಡ್ವಾಡಿಯಾ ಇದನ್ನು ಮೊದಲಿಗೆ ನೆರವೇರಿಸಿದರು. ಕೆಲವೇ ವರ್ಷಗಳಲ್ಲಿ ಈ ವಿದ್ಯೆ ನಮ್ಮ ಜಿಲ್ಲಾ ಕೇಂದ್ರಗಳಿಗೂ ಬಂದಿತು. ನಾನೂ ಕಲಿತೆನು. ರೋಗಿಯ ನೋವು ಕಡಿಮೆ, ಗಾಯ ಚಿಕ್ಕದು, ಎರಡು-ಮೂರು ದಿನಗಳಲ್ಲಿ ಮನೆಗೆ ಹೋಗಬಹುದು. ದೇಹಕ್ಕೆ ಆಗುವ ಹಿಂಸೆ ಕಡಿಮೆಯಾಯಿತಲ್ಲ ಎಂದು ಒಬ್ಬ ಶ್ರಾವಕನಾಗಿ ನನಗೆ ಸಮಾಧಾನವೂ ಇತ್ತು.

ಈ ವಿದ್ಯೆಗೆ ಒಂದು ವಿಶೇಷ ಲಕ್ಷಣವಿದೆ. ಹೊಟ್ಟೆಯೊಳಗೆ ಇಂಗಾಲದ ಡೈಆಕ್ಸೈಡ್ ಅನಿಲವನ್ನು ತುಂಬಿ ಉಬ್ಬಿಸಿ, ಸಾಮಾನ್ಯವಾಗಿ ನಾಲ್ಕು ರಂಧ್ರಗಳಲ್ಲಿ ಟ್ರೋಕಾರ್ ಎಂಬ ಕೊಳವೆಗಳನ್ನು ಇಡುತ್ತೇವೆ. ಹೊಕ್ಕುಳಿನ ಬಳಿಯ ಕೊಳವೆಯಲ್ಲಿ ಕ್ಯಾಮೆರಾ. ಉಳಿದವುಗಳಲ್ಲಿ ಉದ್ದನೆಯ ಸಪೂರ ಉಪಕರಣಗಳು. ವೈದ್ಯನ ಕೈ ಹೊರಗೆ, ಉಪಕರಣದ ತುದಿ ಒಳಗೆ, ಕಣ್ಣು ಇವೆರಡನ್ನೂ ಬಿಟ್ಟು ಎದುರಿನ ಪರದೆಯ ಮೇಲೆ. ಕೈ ಬಲಕ್ಕೆ ಸರಿದರೆ ಒಳಗಿನ ತುದಿ ಎಡಕ್ಕೆ ಸರಿಯುತ್ತದೆ. ಸಾಮಾನ್ಯ ಪರದೆ ಚಪ್ಪಟೆಯಾದುದರಿಂದ ಆಳವನ್ನು ಊಹಿಸಿಯೇ ತಿಳಿಯಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಪರದೆಯ ಚೌಕಟ್ಟಿನ ಆಚೆಗೆ ಏನಿದೆಯೆಂಬುದು ಕಾಣಿಸುವುದಿಲ್ಲ. ಕ್ಯಾಮೆರಾವನ್ನು ಹಿಡಿಯುವವನು ಸಹಾಯಕ. ಅವನು ಅದನ್ನು ಅತ್ತ ತಿರುಗಿಸಿದರೆ ಇತ್ತಲಿನ ಉಪಕರಣ ವೈದ್ಯನ ಕಣ್ಣಿಗೆ ಇಲ್ಲವಾಗುತ್ತದೆ. ಅವನ ಕೈಯಲ್ಲಿ ಮಾತ್ರ ಇದ್ದೇ ಇರುತ್ತದೆ.

2004ರ ಮಳೆಗಾಲದಲ್ಲಿ ಒಬ್ಬ ರೈತ ಮಹಿಳೆಗೆ ನಾನು ಈ ಶಸ್ತ್ರಚಿಕಿತ್ಸೆ ಮಾಡಿದೆ. ಎಲ್ಲವೂ ಸುಗಮವಾಗಿ ನಡೆಯಿತೆಂದೇ ಭಾವಿಸಿದ್ದೆ. ನಾಲ್ಕನೆಯ ದಿನ ಜ್ವರ ಮತ್ತು ಹೊಟ್ಟೆನೋವಿನಿಂದ ಆಕೆಯನ್ನು ಮರಳಿ ಕರೆತಂದರು. ಹೊಟ್ಟೆ ತೆರೆದು ನೋಡಿದಾಗ ಸಣ್ಣ ಕರುಳಿನ ಮೊದಲ ಭಾಗದಲ್ಲಿ ಸುಟ್ಟು ಆದ ಒಂದು ರಂಧ್ರವಿತ್ತು. ಯಾವುದನ್ನು ತಪ್ಪಿಸಲೆಂದು ಈ ವಿದ್ಯೆ ಹುಟ್ಟಿತೋ ಆ ಗೇಣುದ್ದದ ಗಾಯವನ್ನು ಆಕೆಗೆ ಕೊನೆಗೂ ಮಾಡಬೇಕಾಯಿತು. ಐದು ವಾರ ಆಸ್ಪತ್ರೆಯಲ್ಲಿದ್ದು ಆಕೆ ಬದುಕಿಕೊಂಡಳು. ಅವಳ ಯಜಮಾನರು ಎರಡು ಎತ್ತುಗಳನ್ನು ಮಾರಿದರೆಂದು ಅನಂತರ ಕೇಳಿ ತಿಳಿದೆ. "ಇಂಥ ಶಸ್ತ್ರಚಿಕಿತ್ಸೆಯಲ್ಲಿ ಅಪರೂಪಕ್ಕೆ ಹೀಗಾಗುವುದುಂಟು" ಎಂದು ನಾನು ಅವರಿಗೆ ಹೇಳಿದೆ. ಆ ಮಾತು ಸುಳ್ಳಾಗಿರಲಿಲ್ಲ. ಅದು ಸತ್ಯವೂ ಆಗಿರಲಿಲ್ಲ.

ಏಕೆಂದರೆ ಹಿಂದಿನ ರಾತ್ರಿಯೇ ಶಸ್ತ್ರಚಿಕಿತ್ಸೆಯ ವಿಡಿಯೋ ಕ್ಯಾಸೆಟ್ಟನ್ನು ಹಾಕಿ ನೋಡಿದ್ದೆ. ಪಿತ್ತಕೋಶವನ್ನು ಯಕೃತ್ತಿನಿಂದ ಬಿಡಿಸಲು ಹುಕ್ ಎಂಬ ಕೊಕ್ಕೆಯಂಥ ಉಪಕರಣವನ್ನು ಬಳಸುತ್ತೇವೆ. ಕಾಲಿನ ಪೆಡಲ್ ಒತ್ತಿದರೆ ಅದರ ತುದಿಯಲ್ಲಿ ವಿದ್ಯುತ್ ಹರಿದು ಅಂಗಾಂಶವನ್ನು ಸುಟ್ಟು ಬಿಡಿಸುತ್ತದೆ. ಪೆಡಲ್ ಬಿಟ್ಟ ಮೇಲೂ ತುದಿಯಲ್ಲಿ ಕೆಲವು ಕ್ಷಣ ಬಿಸಿ ಉಳಿದಿರುತ್ತದೆ. ಒಂದು ಕಡೆ ರಕ್ತ ಜಿನುಗಿದ್ದನ್ನು ನೋಡಲು ನಾನು ಕ್ಯಾಮೆರಾವನ್ನು ಅತ್ತ ತಿರುಗಿಸಲು ಹೇಳಿದ್ದೆ. ಹುಕ್ ಪರದೆಯ ಅಂಚಿಗೆ ಸರಿದು ಮರೆಯಾಯಿತು. 11 ಸೆಕೆಂಡುಗಳ ಬಳಿಕ ಮರಳಿ ಕಾಣಿಸಿಕೊಂಡಿತು. ಸುಟ್ಟದ್ದು ಉಳಿದ ಬಿಸಿಯಿಂದಲೋ, ನನ್ನ ಕಾಲು ಅರಿವಿಲ್ಲದೆ ಪೆಡಲನ್ನು ಒತ್ತಿದ್ದರಿಂದಲೋ ಕ್ಯಾಸೆಟ್ಟು ತೋರಿಸುವುದಿಲ್ಲ. ಅದು ತೋರಿಸುವುದು ಇಷ್ಟೇ: 11 ಸೆಕೆಂಡುಗಳ ಕಾಲ ನನ್ನ ಬಲಗೈಯಲ್ಲಿ ಬಿಸಿಯಾದ ಉಪಕರಣವಿತ್ತು, ಅದು ಎಲ್ಲಿದೆಯೆಂದು ಆ ಕೊಠಡಿಯಲ್ಲಿ ಯಾರೂ ನೋಡುತ್ತಿರಲಿಲ್ಲ.

ಶಸ್ತ್ರವೈದ್ಯನು ದೇಹವನ್ನು ಕೊಯ್ಯುತ್ತಾನಲ್ಲ, ಅದು ಹಿಂಸೆಯಾಗುವುದಿಲ್ಲವೇ ಎಂದು ಅನೇಕ ಸಾಧರ್ಮಿ ಬಂಧುಗಳು ನನ್ನನ್ನು ಕೇಳಿದ್ದಾರೆ. ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಘಾತಕ್ಕೆ ಪ್ರಮಾದದ ಯೋಗವನ್ನು ಜೋಡಿಸಿದ್ದಾರೆ. ಎಚ್ಚರದಿಂದ ನಡೆಯುವವನ ಕಾಲಡಿಯಲ್ಲಿ ಅಕಸ್ಮಾತ್ ಜೀವ ಹೋದರೂ ಅವನಿಗೆ ಹಿಂಸೆಯ ಬಂಧವಿಲ್ಲ. ಎಚ್ಚರಗೇಡಿಯ ಕಾಲಡಿಯಲ್ಲಿ ಯಾವ ಜೀವವೂ ಸಾಯದಿದ್ದರೂ ಅವನು ಹಿಂಸಕನೇ ಎಂದು ನಮ್ಮ ಆಚಾರ್ಯರು ವಿವರಿಸುತ್ತಾರೆ. ಈ ವಿವರಣೆಯ ಮೊದಲರ್ಧವನ್ನು ನಾನು ಬಹಳ ವರ್ಷ ನನ್ನ ರಕ್ಷಣೆಗೆ ಬಳಸಿಕೊಂಡಿದ್ದೆ. ಹಿತಕ್ಕಾಗಿ ಕೊಯ್ಯುತ್ತೇನೆ, ಆದುದರಿಂದ ದೋಷವಿಲ್ಲ ಎಂದುಕೊಂಡಿದ್ದೆ. ಎರಡನೆಯ ಅರ್ಧ ಆ ರಾತ್ರಿ ನನ್ನ ಮುಂದೆ ಬಂದು ನಿಂತಿತು. ಕರುಳು ಸುಡದೇ ಇದ್ದಿದ್ದರೂ ಆ 11 ಸೆಕೆಂಡುಗಳು ಪ್ರಮಾದವೇ ಆಗಿದ್ದವು. ಹಾಗಾದರೆ ಏನೂ ಆಗದೆ ಮುಗಿದ ನೂರಾರು ಶಸ್ತ್ರಚಿಕಿತ್ಸೆಗಳಲ್ಲಿ ಇಂಥ ಸೆಕೆಂಡುಗಳು ಎಷ್ಟಿದ್ದವು? ಚೆನ್ನಾಗಿ ಮುಗಿದ ಯಾವ ಶಸ್ತ್ರಚಿಕಿತ್ಸೆಯ ಕ್ಯಾಸೆಟ್ಟನ್ನೂ ನಾನು ಹಾಕಿ ನೋಡಿದವನಲ್ಲ.

ಎರಡು ವರ್ಷ ಇದನ್ನು ಮನಸ್ಸಿನಲ್ಲಿಟ್ಟುಕೊಂಡು ನಡೆದೆ. 2006ರಲ್ಲಿ ದಶಲಕ್ಷಣ ಪರ್ವ ಮುಗಿದು ಕ್ಷಮಾವಣಿಯ ದಿನ ಬಂಧುಮಿತ್ರರೊಡನೆ ಕ್ಷಮೆ ಕೇಳಿಕೊಳ್ಳುವಾಗ, ಕೇಳಲೇಬೇಕಾದವರನ್ನು ಬಿಟ್ಟು ಉಳಿದವರೆಲ್ಲರನ್ನೂ ಕೇಳುತ್ತಿದ್ದೇನೆಂಬ ಅರಿವು ಚುಚ್ಚಿತು. ಮರುದಿನ ಆಕೆಯ ಹಳ್ಳಿಗೆ ಹೋದೆ. ನಡೆದದ್ದನ್ನು ಇದ್ದಂತೆಯೇ ಹೇಳಿದೆ. ಯಜಮಾನರು ಏನನ್ನೂ ಹೇಳದೆ ಎದ್ದು ಒಳಗೆ ಹೋದರು. ನಾನು ಹೊರಡುವವರೆಗೂ ಬರಲಿಲ್ಲ. ಆ ತಾಯಿ ಮಾತ್ರ ಬಹಳ ಹೊತ್ತು ಸುಮ್ಮನಿದ್ದು, "ಡಾಕ್ಟರ್ರೀ, ಆದದ್ದು ಆಗಿ ಹೋತು. ಇನ್ನೊಬ್ಬರಿಗೆ ಹಿಂಗ ಆಗಬಾರದಲ್ಲರಿ, ಅದಕ್ಕೇನು ಮಾಡೀರಿ?" ಎಂದು ಕೇಳಿದಳು. ಹುಕ್ ಹೊಟ್ಟೆಯೊಳಗೆ ಇರುವಷ್ಟು ಕಾಲ ಕ್ಯಾಮೆರಾ ಅದರ ತುದಿಯನ್ನು ಬಿಟ್ಟು ಹೋಗಲಾಗದು. ಹೋಗಲೇಬೇಕಾದರೆ ಮೊದಲು ಹುಕ್ಕನ್ನು ಹೊರಗೆ ತೆಗೆಯುತ್ತೇನೆ ಎಂದು ಆಕೆಯ ಮುಂದೆ ಮಾತು ಕೊಟ್ಟೆ. ಅದನ್ನು ಒಂದು ನಿಯಮವೆಂದೇ ಸ್ವೀಕರಿಸಿದೆ. ನಿವೃತ್ತನಾಗುವವರೆಗೆ ಅದನ್ನು ಪಾಲಿಸಿದೆನೆಂದೂ ನಂಬಿದ್ದೆ.

ನಿವೃತ್ತಿಯ ಬಳಿಕ ನನ್ನ ತಂಗಿಯ ಮಗಳು, ಬೆಂಗಳೂರಿನಲ್ಲಿ ಗಣಕವಿಜ್ಞಾನದಲ್ಲಿ ಸಂಶೋಧನೆ ಮಾಡುತ್ತಿರುವವಳು, "ಮಾಮಾ, ನಮಗೆ ಉಪಕರಣಗಳನ್ನು ಗುರುತಿಸಿ ಕೊಡಲು ಅನುಭವಿ ವೈದ್ಯರು ಬೇಕಾಗಿದ್ದಾರೆ, ನೀವು ಬರುತ್ತೀರಾ?" ಎಂದು ಕೇಳಿದಳು. ಹೀಗೆ ನಾನು ಈ ಕೆಲಸಕ್ಕೆ ಬಂದೆನು.

ಗಣಕಯಂತ್ರಕ್ಕೆ ಚಿತ್ರವೆಂದರೆ ಬಣ್ಣಗಳ ಪ್ರಮಾಣವನ್ನು ಸೂಚಿಸುವ ಸಂಖ್ಯೆಗಳ ದೊಡ್ಡ ಕೋಷ್ಟಕವಷ್ಟೇ. ಅದರಲ್ಲಿ ಉಪಕರಣ ಯಾವುದು, ಅಂಗ ಯಾವುದು ಎಂಬುದನ್ನು ಹೇಳಿಕೊಡಬೇಕು. ಮೊದಮೊದಲು ಇದನ್ನು ನಿಯಮಗಳಿಂದ ಸಾಧಿಸಲು ಯತ್ನಿಸಿದರು. ದೇಹದೊಳಗಿನದೆಲ್ಲ ಕೆಂಪು, ಹಳದಿ, ಲೋಹ ಬೂದು. ಅಂಗಗಳಿಗೆ ನೇರ ಗೆರೆಯಿಲ್ಲ. ಉಪಕರಣದ ಅಂಚುಗಳು ನೇರ. ಅದರ ದಂಡ ಸಾಮಾನ್ಯವಾಗಿ ಚಿತ್ರದ ಅಂಚಿನಿಂದಲೇ ಒಳಬರುತ್ತದೆ. ರಂಧ್ರವೆಂಬ ಒಂದು ಬಿಂದುವನ್ನು ಆಧರಿಸಿಯೇ ತಿರುಗುತ್ತದೆ. ಆದರೆ ರಕ್ತ ಮೆತ್ತಿದ ಲೋಹ ಕೆಂಪಾಗಿ ಕಾಣುತ್ತದೆ. ಒದ್ದೆಯಾದ ಯಕೃತ್ತಿನ ಮೇಲೆ ದೀಪದ ಬೆಳಕು ಬಿದ್ದರೆ ಅದೂ ಲೋಹದಂತೆ ಹೊಳೆಯುತ್ತದೆ. ಆದುದರಿಂದ ಈಗ ನಿಯಮಗಳನ್ನು ಕೊಡುವ ಬದಲು, ಮನುಷ್ಯರು ಗುರುತಿಸಿದ ಸಾವಿರಾರು ಚಿತ್ರಗಳನ್ನು ತೋರಿಸಿ ಯಂತ್ರಕ್ಕೆ ಕಲಿಸುತ್ತಾರೆ.

ಈ ಕ್ಷೇತ್ರದಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ನಗರದ ಸಂಶೋಧಕರ ಕೆಲಸ ಬಹಳ ಪ್ರಸಿದ್ಧವಾದುದು. ಅಲ್ಲಿನ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ 13 ಶಸ್ತ್ರವೈದ್ಯರು ಮಾಡಿದ 80 ಪಿತ್ತಕೋಶ ಶಸ್ತ್ರಚಿಕಿತ್ಸೆಗಳ ವಿಡಿಯೋಗಳನ್ನು ಸಂಗ್ರಹಿಸಿ, ಏಳು ಬಗೆಯ ಉಪಕರಣಗಳನ್ನು ಗುರುತುಹಾಕಿ, 2016ರಲ್ಲಿ ಕೋಲೆಕ್80 ಎಂಬ ಹೆಸರಿನಿಂದ ಪ್ರಕಟಿಸಿದರು. ಲೋಕದ ಅನೇಕ ಸಂಶೋಧಕರು ಇದನ್ನೇ ಬಳಸುತ್ತಾರೆ. ಅದರಲ್ಲಿ ಒಂದು ಕಟ್ಟಳೆಯಿದೆ: ಉಪಕರಣದ ತುದಿಯ ಕನಿಷ್ಠ ಅರ್ಧಭಾಗ ಕಂಡರೆ ಮಾತ್ರ ಆ ಚಿತ್ರದಲ್ಲಿ ಅದು "ಇದೆ" ಎಂದು ಬರೆಯಬೇಕು. ನಮ್ಮ ಕೆಲಸದಲ್ಲಿಯೂ ಇದೇ ಕಟ್ಟಳೆ. ಮೊದಲ ದಿನವೇ ನನಗೆ ಕಸಿವಿಸಿಯಾಯಿತು. ತುದಿ ಯಕೃತ್ತಿನ ಹಿಂದೆ ಮರೆಯಾಗಿದೆ, ದಂಡ ಕಾಣುತ್ತಿದೆ. ಅದನ್ನು "ಇಲ್ಲ" ಎಂದು ಬರೆಯಲು ಕೈ ಬಾರದು. "ಇಲ್ಲ ಎಂದರೆ ಕಾಣುವುದಿಲ್ಲ ಎಂದಷ್ಟೇ ಅರ್ಥ, ಮಾಮಾ" ಎಂದಳು ಆ ಹುಡುಗಿ. "ಕಾಣುವುದಿಲ್ಲ ಎಂದರೆ ಇಲ್ಲ ಎಂದುಕೊಂಡವನು ನಾನು, ತಾಯಿ" ಎಂದು ಹೇಳಬೇಕೆನಿಸಿತು, ಹೇಳಲಿಲ್ಲ.

ಒಂದೊಂದು ಚಿತ್ರದಲ್ಲಿ ಗುರುತಿಸಿದರೆ ಸಾಲದು; ಈ ಚಿತ್ರದ ಹುಕ್ ಮುಂದಿನ ಚಿತ್ರದ ಹುಕ್ಕೇ ಎಂದು ಜೋಡಿಸಬೇಕು. ಯಂತ್ರವು ಪ್ರತಿಯೊಂದು ಉಪಕರಣಕ್ಕೂ ಒಂದು ಸಂಖ್ಯೆಯನ್ನು ಕೊಟ್ಟು, ಅದರ ವೇಗವನ್ನು ನೋಡಿ ಮುಂದಿನ ಕ್ಷಣದಲ್ಲಿ ಎಲ್ಲಿರಬಹುದೆಂದು ಊಹಿಸಿ, ಅಲ್ಲಿ ಕಂಡದ್ದಕ್ಕೆ ಅದೇ ಸಂಖ್ಯೆಯನ್ನು ಮುಂದುವರಿಸುತ್ತದೆ. ಹೊಗೆ, ರಕ್ತ, ಮಬ್ಬಾದ ಮಸೂರ, ಒಂದೇ ರೂಪದ ಎರಡು ಇಕ್ಕಳಗಳು, ಇವೆಲ್ಲ ಅದನ್ನು ತಪ್ಪಿಸುತ್ತವೆ. ಉಪಕರಣ ಮರೆಯಾಗಿ ಬಹಳ ಹೊತ್ತಿನ ಮೇಲೆ ಮರಳಿದರೆ, ಬೇರೊಂದು ಉಪಕರಣ ಬಂದಿತೆಂದು ತಿಳಿದು ಹೊಸ ಸಂಖ್ಯೆಯನ್ನು ಕೊಟ್ಟುಬಿಡುತ್ತದೆ.

2023ರಲ್ಲಿ ಸ್ಟ್ರಾಸ್‌ಬರ್ಗಿನ ಸಂಶೋಧಕರೇ 20 ವಿಡಿಯೋಗಳ ಇನ್ನೊಂದು ಸಂಗ್ರಹವನ್ನು ಹೊರತಂದರು. ಅದರಲ್ಲಿ ಒಂದೇ ಉಪಕರಣದ ಜಾಡನ್ನು ಮೂರು ದೃಷ್ಟಿಗಳಿಂದ ಬರೆದಿದ್ದಾರೆ. ಒಂದನೆಯದರಲ್ಲಿ, ಕ್ಯಾಮೆರಾದಿಂದ ಮರೆಯಾದೊಡನೆ ಜಾಡು ಮುಗಿಯುತ್ತದೆ. ಎರಡನೆಯದರಲ್ಲಿ, ಕಾಣದಿದ್ದರೂ ದೇಹದೊಳಗೆ ಇರುವಷ್ಟು ಕಾಲ ಜಾಡು ಮುಂದುವರಿಯುತ್ತದೆ. ಮೂರನೆಯದರಲ್ಲಿ, ಹೊರಗೆ ತೆಗೆದು ಮರಳಿ ಒಳಗಿಟ್ಟರೂ ಶಸ್ತ್ರಚಿಕಿತ್ಸೆ ಮುಗಿಯುವವರೆಗೆ ಅದು ಒಂದೇ ಉಪಕರಣ. ಇದನ್ನು ಓದಿದಾಗ ನಯವಾದದ ಪಾಠ ನೆನಪಾಗದೆ ಇರಲಿಲ್ಲ. ಆದರೆ ಹೊಸ ವಿಜ್ಞಾನವೆಲ್ಲ ನಮ್ಮ ಶಾಸ್ತ್ರಗಳಲ್ಲಿ ಮೊದಲೇ ಇತ್ತೆಂದು ಹೇಳುವ ಅಭ್ಯಾಸ ನನಗೆ ಒಗ್ಗದು. ಆ ಸಂಶೋಧಕರು ತಮ್ಮ ಕೆಲಸದ ಅಗತ್ಯದಿಂದ ಇಲ್ಲಿಗೆ ಬಂದರು. ನಾನು ಅದರಿಂದ ಕಲಿತದ್ದು ನನ್ನ ಸ್ವಂತ ಪಾಠವನ್ನು: ಮೊದಲ ದೃಷ್ಟಿಯಲ್ಲಿ ನನ್ನ 11 ಸೆಕೆಂಡುಗಳಲ್ಲಿ ಹುಕ್ ಇರಲಿಲ್ಲ; ಎರಡನೆಯದರಲ್ಲಿ ಇತ್ತು. ರೋಗಿಯ ಕರುಳು ಇದ್ದದ್ದು ಎರಡನೆಯ ದೃಷ್ಟಿಯಲ್ಲಿ.

ಕಳೆದ ವರ್ಷ, ರೋಗಿಗಳ ಒಪ್ಪಿಗೆ ಪಡೆದು, ನನ್ನ ವೃತ್ತಿಯ ಕೊನೆಯ ವರ್ಷಗಳ ಕೆಲವು ವಿಡಿಯೋಗಳನ್ನು ಹೆಸರುಗಳನ್ನು ಅಳಿಸಿ ಅವರಿಗೆ ಕೊಟ್ಟೆ. ಎಲ್ಲವೂ ಚೆನ್ನಾಗಿ ಮುಗಿದವು. ಆ ರೋಗಿಗಳೆಲ್ಲ ಗುಣಹೊಂದಿ ಮನೆಗೆ ಹೋದವರು. ಒಂದು ವಿಡಿಯೋದಲ್ಲಿ ಯಂತ್ರವು ಒಂದೇ ಹುಕ್ಕಿಗೆ 8 ಸಂಖ್ಯೆಗಳನ್ನು ಕೊಟ್ಟಿತ್ತು. ಅಂದರೆ ಅದು 7 ಬಾರಿ ಮರೆಯಾಗಿ ಮರಳಿತ್ತು. ಯಂತ್ರದ ತಪ್ಪನ್ನು ತಿದ್ದಲೆಂದು ಕುಳಿತು ಒಂದೊಂದನ್ನೇ ನೋಡಿದೆ. 2 ಬಾರಿ ನಾನೇ ಹುಕ್ಕನ್ನು ಹೊರತೆಗೆದಿದ್ದೆ. 1 ಬಾರಿ ಹೊಗೆ ಮುಚ್ಚಿತ್ತು. ಉಳಿದ 4 ಬಾರಿ ಹುಕ್ ಹೊಟ್ಟೆಯೊಳಗೇ ಇತ್ತು, ಪರದೆಯ ಹೊರಗೆ. ಆ ತಾಯಿಗೆ ಕೊಟ್ಟ ಮಾತನ್ನು ಒಂದೇ ಶಸ್ತ್ರಚಿಕಿತ್ಸೆಯಲ್ಲಿ ನಾಲ್ಕು ಬಾರಿ ಮೀರಿದ್ದೆ. ಮೀರಿದೆನೆಂಬುದು ನನಗೆ ತಿಳಿದೇ ಇರಲಿಲ್ಲ.

ಅಂದು ಬಹಳ ಹೊತ್ತು ಎದ್ದು ಹೋಗಲಾಗದೆ ಕುಳಿತಿದ್ದೆ. ಸೋದರಸೊಸೆ ಏನೋ ತಪ್ಪಾಗಿದೆಯೆಂದು ಯಂತ್ರವನ್ನು ಪರೀಕ್ಷಿಸಲು ಹೊರಟಳು. ತಪ್ಪು ಯಂತ್ರದಲ್ಲಿ ಇರಲಿಲ್ಲ.

ವ್ರತಭಂಗ ಬೇರೆ, ಅತಿಚಾರ ಬೇರೆ ಎಂದು ನಾವು ಓದುತ್ತೇವೆ. ಅತಿಚಾರದ ಅಪಾಯವೆಂದರೆ ಅದು ಸದ್ದಿಲ್ಲದೆ ನುಸುಳುತ್ತದೆ; ಫಲ ಕೆಟ್ಟಾಗ ಮಾತ್ರ ಬೆಳಕಿಗೆ ಬರುತ್ತದೆ. ಫಲ ಕೆಡದಿದ್ದರೆ ಪ್ರತಿಕ್ರಮಣದಲ್ಲಿ ನೆನೆಯಲು ನಮಗೆ ನೆನಪೇ ಉಳಿದಿರುವುದಿಲ್ಲ. ಈ ನೋಡುವ ಯಂತ್ರದಿಂದ ನನಗಾದ ನಿಜವಾದ ಉಪಕಾರ ಇಲ್ಲಿದೆ. ಯಾರಿಗೂ ನೋವಾಗದ ಕಡೆಯಲ್ಲಿಯೂ ನಡೆದ ಪ್ರಮಾದವನ್ನು ಅದು ಎಣಿಸಿ ಮುಂದಿಟ್ಟಿತು.

ಇದರಿಂದ ಯಂತ್ರವೇ ವೈದ್ಯನ ಎಚ್ಚರವನ್ನು ವಹಿಸಿಕೊಳ್ಳುತ್ತದೆಂದು ಯಾರೂ ತಿಳಿಯಬಾರದು. ಯಂತ್ರಕ್ಕೆ ಉಪಯೋಗವೆಂಬ ಚೈತನ್ಯಲಕ್ಷಣವಿಲ್ಲ. ಆದುದರಿಂದ ಅದಕ್ಕೆ ಪ್ರಮಾದವೂ ಇಲ್ಲ, ಅಪ್ರಮಾದವೂ ಇಲ್ಲ. ಒಂದು ಆಸ್ಪತ್ರೆಯ ದೀಪ, ಕ್ಯಾಮೆರಾ, ಉಪಕರಣಗಳಲ್ಲಿ ಕಲಿತದ್ದು ಇನ್ನೊಂದು ಆಸ್ಪತ್ರೆಗೆ ಬಂದರೆ ತಡವರಿಸುವುದುಂಟು. ಉಪಕರಣವನ್ನು ಕಂಡುಹಿಡಿಯುವುದು ಅದಕ್ಕೆ ಸುಲಭ. ಎದುರಿನ ನಾಳ ಯಾವುದೆಂದು ಸರಿಯಾಗಿ ತಿಳಿಯುವುದು ಕಷ್ಟ. ಮನುಷ್ಯನಿಗೂ ಅದು ಕಷ್ಟವೇ. 2003ರಲ್ಲಿ ಅಮೆರಿಕದ ಡಾ. ಲಾರೆನ್ಸ್ ವೇ ಮತ್ತು ಸಂಗಡಿಗರು ಪಿತ್ತನಾಳಕ್ಕೆ ಗಾಯವಾದ 252 ಪ್ರಕರಣಗಳನ್ನು ಪರಿಶೀಲಿಸಿ, ಅವುಗಳಲ್ಲಿ ಶೇಕಡಾ 97ರಲ್ಲಿ ಮೂಲಕಾರಣ ಕಣ್ಣಿನ ಭ್ರಮೆಯೆಂದು ಕಂಡರು. ಕೈಯ ಕೌಶಲ ಕೊರತೆಯಾದದ್ದು ಅಪರೂಪ. ಒಂದನ್ನು ಇನ್ನೊಂದೆಂದು ದೃಢವಾಗಿ ನಂಬಿ ಕತ್ತರಿಸಿದ್ದರು. ಯಂತ್ರದ ಗಂಟೆ ಬಾರಿಸಲಿಲ್ಲ, ಆದುದರಿಂದ ಎಲ್ಲವೂ ಕ್ಷೇಮ ಎಂದು ನಂಬುವ ವೈದ್ಯನು ಹಳೆಯ ಭ್ರಮೆಗೆ ಹೊಸದೊಂದನ್ನು ಸೇರಿಸಿಕೊಳ್ಳುತ್ತಾನೆ. ನೀರು ಸೋಸುವ ಬಟ್ಟೆಯಲ್ಲಿ ತೂತಿದೆಯೇ ಎಂದು ನೋಡುವವರು ನಾವೇ ತಾನೆ?

ನಮ್ಮ ಸಮಾಜದ ಟ್ರಸ್ಟುಗಳು ಔಷಧದಾನದ ಪರಂಪರೆಯನ್ನು ಉಳಿಸಿಕೊಂಡು ಬಂದಿವೆ. ಆಸ್ಪತ್ರೆಗಳಿಗೆ ಯಂತ್ರಗಳನ್ನು ಕೊಡುವ ಮಹನೀಯರಲ್ಲಿ ಮೂರು ವಿನಂತಿಗಳನ್ನು ಮಾಡಿಕೊಳ್ಳುತ್ತೇನೆ. ಕ್ಯಾಮೆರಾಕ್ಕೆ ದಾನ ಕೊಡುವಾಗ, ಚೆನ್ನಾಗಿ ಮುಗಿದ ಶಸ್ತ್ರಚಿಕಿತ್ಸೆಗಳ ವಿಡಿಯೋಗಳನ್ನೂ ವೈದ್ಯರು ಕುಳಿತು ನೋಡುವುದಕ್ಕೆ ವಾರದಲ್ಲಿ ಒಂದು ಹೊತ್ತನ್ನು ಮೀಸಲಿಡಬೇಕೆಂಬ ಷರತ್ತನ್ನೂ ಇಡಿ. ವಿಡಿಯೋ ತೆಗೆಯುವುದನ್ನೂ, ಅದು ಯಾವುದಕ್ಕೆ ಬಳಕೆಯಾಗುತ್ತದೆಂಬುದನ್ನೂ ರೋಗಿಗೆ ಕನ್ನಡದಲ್ಲಿ ತಿಳಿಸಿ ಒಪ್ಪಿಗೆ ಪಡೆಯುವ ಏರ್ಪಾಡಾಗಲಿ. ಬೇಡವೆಂದವನ ಚಿಕಿತ್ಸೆಗೆ ಯಾವ ಕುಂದೂ ಬಾರದಿರಲಿ. ಕೊನೆಯದಾಗಿ, ಆ ವಿಡಿಯೋ ವೈದ್ಯನನ್ನು ಬೆದರಿಸುವ ಆಯುಧವಾಗದಿರಲಿ. ಬೆದರಿದವನು ಕ್ಯಾಮೆರಾವನ್ನು ಆರಿಸಿಬಿಡುತ್ತಾನೆ. ಹಾಗೆಂದು ಕೇಡಾದಾಗ ಅದನ್ನು ರೋಗಿಯಿಂದ ಮುಚ್ಚಿಡುವ ಕಪಾಟೂ ಆಗದಿರಲಿ. ಆಲೋಚನೆಯನ್ನು ಗುರುವಿನ ಮುಂದೆ ಮಾಡಬೇಕೆಂದು ನಮ್ಮ ಹಿರಿಯರು ಹೇಳಿದ್ದಾರೆ. ಶಸ್ತ್ರವೈದ್ಯನಿಗೆ ರೋಗಿಯೂ ಅಂಥ ಒಬ್ಬ ಗುರು.

ಈ ಬಾರಿಯ ಕ್ಷಮಾವಣಿಯ ಮರುದಿನ ಮತ್ತೆ ಆ ಹಳ್ಳಿಗೆ ಹೋಗಿದ್ದೆ. ಯಜಮಾನರು ಈಗಿಲ್ಲ. ಆ ತಾಯಿಗೆ ವಯಸ್ಸಾಗಿದೆ. ನನ್ನನ್ನು ಗುರುತಿಸಲು ಸ್ವಲ್ಪ ಹೊತ್ತಾಯಿತು. ಕೊಟ್ಟ ಮಾತು ನಾಲ್ಕು ಬಾರಿ ಮೀರಿತೆಂದೂ, ಅದನ್ನು ಒಂದು ಯಂತ್ರ ತೋರಿಸಿಕೊಟ್ಟಿತೆಂದೂ ಹೇಳಿದೆ. ಎಷ್ಟು ಅರ್ಥವಾಯಿತೋ ತಿಳಿಯದು. "ನೀವು ಈಗ ಆಪರೇಷನ್ ಮಾಡೂದಿಲ್ಲಲ್ಲರಿ. ಮಾಡೋರಿಗೆ ಹೇಳ್ರಿ" ಎಂದಳು.

ಅದಕ್ಕಾಗಿ ಇದನ್ನು ಬರೆದಿದ್ದೇನೆ.